ರಾ ಫೈಲಿನೊಳಗೆ ಹೋದ ಶಾಸನ

ನನ್ನ ಕಂಪ್ಯೂಟರ್ ಬಹಳ ವಿನಯವಂತ. ಒಂದು ಫೈಲ್ ಅದರ ಕೈಯಲ್ಲಿ ತೆರೆಯಲಾಗದಿದ್ದರೆ ರಂಪ ಮಾಡುವುದಿಲ್ಲ. 'ಈ ಬಗೆಯ ಫೈಲ್ ನನಗೆ ಗೊತ್ತಿಲ್ಲ' ಎಂದು ಪುಟ್ಟ ಪೆಟ್ಟಿಗೆಯಲ್ಲಿ ತಿಳಿಸಿ, ಕೆಳಗೆ 'ಸರಿ' ಎಂಬ ಒಂದೇ ಗುಂಡಿ ಇಡುತ್ತದೆ. ಸರಿಯಲ್ಲ ಎನ್ನಲು ಗುಂಡಿಯಿಲ್ಲ. ಹೋದ ವರ್ಷ ಆ 'ಸರಿ'ಯನ್ನು ಎಷ್ಟು ಸಲ ಒತ್ತಿದೆನೆಂದರೆ, ತರಗತಿಯಲ್ಲಿ ಹುಡುಗರು ತಪ್ಪು ಉತ್ತರ ಹೇಳಿದರೂ ಬಾಯಿಗೆ 'ಸರಿ' ಎಂದೇ ಬರುತ್ತಿತ್ತು.

ನಾನು ಆಂಧ್ರದ ಗಡಿ ಊರಾದ ರಾಯದುರ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಐವತ್ತು ದಾಟಿದ ನನ್ನ ಓರಗೆಯವರಿಗೆ ಸಕ್ಕರೆ ಬಂತು, ಬಿ.ಪಿ. ಬಂತು, ನನಗೆ ಕ್ಯಾಮೆರಾ ಬಂತು. ಅದು ಬಂದ ಮೇಲೆ ವಿಡಿಯೋಗಳನ್ನು ನೋಡಿ ಏಕಲವ್ಯನಂತೆ ಕಲಿತೆ. ಅವುಗಳಲ್ಲಿ ಒಬ್ಬ ಗಡ್ಡದವನು ಒಂದು ಮಾತು ಹೇಳಿದ: ಕ್ಯಾಮೆರಾ ತಾನೇ ಚಿತ್ರವನ್ನು ಸಿದ್ಧಮಾಡಿ ಕೊಟ್ಟರೆ ಅದು ಜೆಪೆಗ್, ಹೋಟೆಲ್ ಊಟವಿದ್ದಂತೆ, ರಾ ಎಂದರೆ ಹಸಿ ಕಾಯಿಪಲ್ಲೆ ಇದ್ದ ಹಾಗೆ, ಮನೆಗೆ ಒಯ್ದು ಕಂಪ್ಯೂಟರಿನಲ್ಲಿ ಬೇಕಾದಂತೆ ಬೇಯಿಸಿಕೊಳ್ಳಬಹುದು, ಸ್ವಾಭಿಮಾನವಿರುವ ಯಾರೂ ರಾ ಬಿಟ್ಟು ಬೇರೆ ತೆಗೆಯುವುದಿಲ್ಲ. ಚಹಾ ಕಾಯಿಸಲೂ ಬಾರದ ನನಗೆ ಈ ಅಡುಗೆಯ ಉಪಮೆ ಯಾಕೆ ಅಷ್ಟು ಹಿಡಿಸಿತೋ ತಿಳಿಯದು. ಅಂದೇ ಕ್ಯಾಮೆರಾವನ್ನು ರಾ ಮಾತ್ರಕ್ಕೆ ತಿರುಗಿಸಿಬಿಟ್ಟೆ.

ಇನ್ನು ರಂಗಪ್ಪನ ವಿಷಯ. ನನಗೆ ಮೊದಲು ಕೆಲಸ ಸಿಕ್ಕಿದ್ದು ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟವನು ರಂಗಪ್ಪ. ಕುರಿ ಸಾಕಿದವನು, ಶೇಂಗಾ ಬೆಳೆದವನು, ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ ಮನೆಗೆ ಬಂದು ಕನ್ನಡದಲ್ಲಿ ನಗುವವನು. ಅವರ ಊರಿನ ಗುಡಿಯ ಹಿಂದೆ, ಹುಣಸೆಮರದ ಕೆಳಗೆ, ಎದೆಮಟ್ಟದ ಒಂದು ಬರಹದ ಕಲ್ಲು ನಿಂತಿತ್ತು. ಕುರಿಗಳು ಅದಕ್ಕೆ ಮೈ ಉಜ್ಜುತ್ತಿದ್ದವು. ಅಲ್ಲಿದ್ದಷ್ಟು ಕಾಲ ನಾನೂ ಅದಕ್ಕೆ ಬೆನ್ನು ಆನಿಸಿ ಪೇಪರ್ ಓದಿದ್ದೆನೇ ಹೊರತು ಕಲ್ಲನ್ನು ಓದಿರಲಿಲ್ಲ. ಈಗ ಕ್ಯಾಮೆರಾ ಕೈಗೆ ಬಂದ ಮೇಲೆ ಕಲ್ಲು ನೆನಪಾಯಿತು. ಒಂದು ಭಾನುವಾರ ನಸುಕಿನಲ್ಲೇ ಹೊರಟು, ಕಲ್ಯಾಣದುರ್ಗದಲ್ಲಿ ಬಸ್ ಬದಲಿಸಿ, ಬಿಸಿಲು ಇನ್ನೂ ಓರೆಯಾಗಿರುವಾಗಲೇ ಅಲ್ಲಿಗೆ ಮುಟ್ಟಿದೆ.

ಓರೆ ಬಿಸಿಲಿಗೆ ಶಾಸನದ ಅಕ್ಷರಗಳು ಎದ್ದು ನಿಲ್ಲುತ್ತವೆ. ಮಧ್ಯಾಹ್ನಕ್ಕೆ ಮತ್ತೆ ಮಲಗುತ್ತವೆ. ಹಳೆಯ ಕನ್ನಡ ಲಿಪಿ. ನನಗೆ ಅಲ್ಲೊಂದು ಇಲ್ಲೊಂದು ಅಕ್ಷರದ ಗುರುತು ಹತ್ತಿತು. ಉಳಿದದ್ದನ್ನು ಮನೆಯಲ್ಲಿ ಲಿಪಿಯ ಪಟದ ಜೊತೆ ಹೋಲಿಸಿ ಓದಬೇಕು.

"ಏನ್ ಬರ್ದವ್ರೆ ಮೇಷ್ಟ್ರೇ?" ಎಂದ ರಂಗಪ್ಪ. "ನಮ್ ತಾತ ಇದು ನಮ್ಮೋರ ಕಲ್ಲು ಅಂತಿದ್ದ. ಯಾವನೋ ಹಿರೀಕ ನಿಲ್ಸಿದ್ನಂತೆ. ಹೆಸ್ರೇನಾರ ಐತಾ?"

"ಮನೇಲಿ ನೋಡಿ ಹೇಳ್ತೀನಿ" ಎಂದೆ.

"ಫೋನಲ್ಲೂ ಒಂದ್ ಹೊಡ್ಕಳಿ."

ನಾನು ನಕ್ಕೆ. ಮುಂದೆ ಅದಕ್ಕಾಗಿ ಬಹಳ ಪಶ್ಚಾತ್ತಾಪ ಪಟ್ಟ ನಗು ಅದು.

ಮನೆಗೆ ಬಂದು ಫೋಟೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಊರು, ಕಲ್ಲು ಎಂದೆಲ್ಲ ಅಚ್ಚುಕಟ್ಟಾಗಿ ಹೆಸರು ಬದಲಿಸಿ, ಕ್ಯಾಮೆರಾದ ಕಾರ್ಡನ್ನು ಖಾಲಿ ಮಾಡಿದೆ. ಆಮೇಲೆ ಒಂದನ್ನು ತೆರೆಯಹೋದೆ. ವಿನಯದ ಪೆಟ್ಟಿಗೆ ಬಂತು. ಇನ್ನೊಂದನ್ನು ಒತ್ತಿದೆ. ಮತ್ತೆ ಪೆಟ್ಟಿಗೆ. ಫೋಟೋ ತಿದ್ದುವ ನನ್ನ ಸಾಫ್ಟ್‌ವೇರ್ ಈ ಕ್ಯಾಮೆರಾ ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ರಾ ಎಂದರೆ ಒಂದೇ ಭಾಷೆಯಲ್ಲವಂತೆ. ಕಂಪನಿಗೊಂದು, ಒಂದೊಂದು ಮಾದರಿಗೂ ಒಂದೊಂದು. ಆ ಮಾದರಿ ಬಂದ ಮೇಲೆ ಅದನ್ನು ಕಲಿತ ಸಾಫ್ಟ್‌ವೇರಿಗೆ ಮಾತ್ರ ಅರ್ಥವಾಗುತ್ತದಂತೆ. ಫೈಲನ್ನು ತಿರುಗಿ ಕ್ಯಾಮೆರಾಕ್ಕೇ ಹಾಕಿ ನೋಡಿದೆ. ನಾನು ಹೆಸರು ಬದಲಿಸಿದ್ದರಿಂದ ಹೆತ್ತ ತಾಯಿಯೂ ಗುರುತು ಹಿಡಿಯಲಿಲ್ಲ.

"ಸೊಸಿ ಹೊಸಾಕಿ, ಅತ್ತಿ ಹಳೇಕಿ. ಮಾತು ಎಲ್ಲಿಂದ ಕೂಡಬೇಕು?" ಎಂದಳು ನನ್ನ ಹೆಂಡತಿ ಗಿರಿಜಾ. ಅವಳು ಬೊಮ್ಮನಹಾಳಿನವಳು, ನನ್ನ ದುಃಖಗಳನ್ನು ಗಾದೆ ಮಾಡುವುದರಲ್ಲಿ ಜಾಣೆ. "ಯಾಕ ಒದ್ದಾಡ್ತೀರಿ? ಇನ್ನೊಮ್ಮೆ ಹೋಗಿ ಫೋನಿನಾಗ ತಕ್ಕೊಂಡು ಬರ್ರಿ."

ಎಲ್ಲ ಒಳ್ಳೆಯ ಸಲಹೆಗಳಂತೆ ಅದೂ ನನಗೆ ಅವಮಾನವೆನಿಸಿತು. ಫೈಲುಗಳನ್ನು ಹಿಡಿದು ಬಜಾರಿನ ಫೋಟೋ ಸ್ಟುಡಿಯೋಕ್ಕೆ ಹೋದೆ. ಅಲ್ಲಿಯ ಬಾಷಾ ನನ್ನ ಹಳೆಯ ವಿದ್ಯಾರ್ಥಿ. ಅವನ ಕಂಪ್ಯೂಟರ್ ಕೂಡ ಅದೇ ಮಾತು ಹೇಳಿತು.

"ನಾವು ಮದುವಿಗೆ ಜೆಪೆಗ್ಗೇ ಹೊಡಿಯೋದ್ರಿ ಸರ್" ಎಂದ. "ಕ್ಯಾಮರಾ ಕಂಪನಿಯವರದೇ ಒಂದು ಸಾಫ್ಟ್‌ವೇರ್ ಪುಕ್ಕಟೆ ಸಿಗ್ತೈತಿ. ಆದ್ರ ನಿಮ್ಮ ಕಂಪ್ಯೂಟರ್ ಹಳೇದು, ಅದನ್ನ ಒಳಗ ಬಿಟ್ಕೊಳ್ಳಂಗಿಲ್ಲ. ನಂದೂ ಅಷ್ಟ. ಹೊಸಾದು ತಗೋಬೇಕ್ರಿ."

ಹೊಸ ಕಂಪ್ಯೂಟರ್ ಬೇಸಿಗೆ ರಜೆಗೆ ಎಂದುಕೊಂಡೆ. ಪರೀಕ್ಷೆ ಬಂತು, ಪೇಪರ್ ತಿದ್ದುವ ಕೆಲಸ ಬಂತು. ನೂರಾರು ವರ್ಷ ನಿಂತ ಕಲ್ಲು ಎಲ್ಲಿಗೆ ಹೋದೀತು ಎಂಬ ಧೈರ್ಯವೂ ಇತ್ತು. ರಂಗಪ್ಪ ಆಗಾಗ ಫೋನ್ ಮಾಡಿ "ಹೆಸ್ರು ಸಿಕ್ತಾ?" ಎಂದು ಕೇಳುವನು. "ಓದ್ತಾ ಇದೀನಿ" ಎನ್ನುವೆನು. ತೆರೆಯದ ಫೈಲುಗಳ ಬಿಳಿ ಹಾಳೆಯಂಥ ಚಿಹ್ನೆಗಳ ಸಾಲನ್ನು ಪರದೆಯ ಮೇಲೆ ದಿಟ್ಟಿಸುವುದನ್ನು ಓದು ಎನ್ನಬಹುದಾದರೆ ಅದು ಸುಳ್ಳಲ್ಲ.

ರಜೆ ಬಂದಾಗ, ಗಿರಿಜಾಳ ಮಾತೇ ಗೆಲ್ಲಲಿ ಎಂದು ಫೋನು ಹಿಡಿದು ಮತ್ತೆ ಹೋದೆ. ಹುಣಸೆಮರದ ಕೆಳಗೆ ಕಲ್ಲು ಇರಲಿಲ್ಲ. ಗುಡಿ ಹೊಸದಾಗಿತ್ತು, ಮುಂದೆ ಅಗಲವಾದ ಕಟ್ಟೆ ಎದ್ದಿತ್ತು. ನಾಲ್ಕು ಜನ ಅದರ ಮೇಲೆ ಕುಳಿತು ಮಾತಾಡುತ್ತಿದ್ದರು. ಕಾಲು ಇಟ್ಟರೆ ಜಾರುವಂಥ ನುಣುಪು ಟೈಲ್ಸ್, ಅದರ ಮೇಲೆ ಗುಲಾಬಿ ಹೂವು.

"ಕಲ್ಲೆಲ್ಲಿ ರಂಗಪ್ಪ?"

"ಇಲ್ಲೇ ಐತೆ" ಎಂದು ಅವನು ಕಟ್ಟೆಯನ್ನು ತಟ್ಟಿ ತೋರಿಸಿದ. "ತಳಕ್ಕೆ ಗಟ್ಟಿ ಕಲ್ಲು ಬೇಕಾಗಿತ್ತು. ಮಲಗ್ಸಿ ಸಿಮೆಂಟ್ ಹಾಕವ್ರೆ. ಬರ್ದಿರೋ ಕಲ್ಲು, ಬ್ಯಾಡ ಅಂತ ಒಂದಿಬ್ರು ಅಂದ್ರು. ನಾನೇ ಹೇಳ್ದೆ, ಏನೂ ಭಯ ಇಲ್ಲ, ಮೇಷ್ಟ್ರು ಫೋಟೋ ತೆಗ್ದು ಮಡಿಕ್ಕೊಂಡವ್ರೆ ಅಂತ."

ಆ ಕಟ್ಟೆಯ ಮೇಲೆ ನಾನು ಕುಳಿತುಕೊಂಡೆ. ಅವನು ಸೋಡಾ ತರಿಸಿದ. ಒಂದು ಊರಿಗೆ ಊರೇ ನನ್ನನ್ನು ನಂಬಿ ಕಲ್ಲನ್ನು ಮುಚ್ಚಿತ್ತು, ಮತ್ತು ನನ್ನಲ್ಲಿದ್ದುದು ನಾನೇ ತೆರೆಯಲಾಗದ ಒಂದು ಗಂಟು. ಇದನ್ನು ಅವನಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸೋಡಾ ಕುಡಿದೆ.

ಊರಿಗೆ ಬಂದವನೇ ಹೊಸ ಕಂಪ್ಯೂಟರ್ ತಂದೆ. ಬಾಷಾ ಬಂದು ಸಾಫ್ಟ್‌ವೇರ್ ಹಾಕಿಕೊಟ್ಟ. ಬಿಳಿ ಚಿಹ್ನೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಹುಣಸೆಮರ, ಓರೆ ಬಿಸಿಲು, ಕಲ್ಲು. ನಾನು ಅತ್ತೆನೆಂದು ಗಿರಿಜಾ ಈಗಲೂ ಹೇಳುತ್ತಾಳೆ. ಹೊಸ ಪರದೆಯ ಬೆಳಕು ಜಾಸ್ತಿ ಎನ್ನುವುದು ನನ್ನ ವಾದ.

ಓದತೊಡಗಿದೆ. ಮೊದಲ ಸಾಲು ಹರಳಿನಂತೆ ಇತ್ತು: ಸ್ವಸ್ತಿ ಶ್ರೀ. ಎರಡನೆಯ ಸಾಲಿನಿಂದ ಮಬ್ಬು. ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಕಲ್ಲಿನ ಮುಂದಿದ್ದ ಹುಲ್ಲಿನ ತೆನೆಯನ್ನೇ ಕ್ಯಾಮೆರಾ ಹಿಡಿದಿತ್ತು. ತೆನೆಯ ಒಂದೊಂದು ಮುಳ್ಳನ್ನೂ ಎಣಿಸಬಹುದು, ಹಿಂದಿನ ಅಕ್ಷರಗಳು ಮಾತ್ರ ಕರಗಿದ ಬೆಣ್ಣೆ. ದೂರದಿಂದ ತೆಗೆದವುಗಳಲ್ಲಿ ಸರಿಯಾಗಿ ನಡುವಿಗೆ ಕೊಂಬೆಯ ನೆರಳು. ರಾದಲ್ಲಿ ನೆರಳೊಳಗಿನದನ್ನೂ ಹೊರಗೆಳೆಯಬಹುದು ಎಂದಿದ್ದ ಗಡ್ಡದವನು. ಎಳೆದೆ. ರವೆಯಂಥ ಚುಕ್ಕೆಗಳು ಬಂದವು. ಅಕ್ಷರ ಬರಲಿಲ್ಲ. ಕೊನೆಯ ಎರಡು ಸಾಲು ಮತ್ತೆ ಸ್ಪಷ್ಟ. ಅದು ಎಷ್ಟೋ ಶಾಸನಗಳ ಕೊನೆಯಲ್ಲಿರುವ ಶಾಪ: ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ಕೊಂದ ಪಾಪ.

ಹಾರೈಕೆ ಉಳಿದಿತ್ತು, ಶಾಪ ಉಳಿದಿತ್ತು. ನಡುವೆ ಯಾರು, ಯಾರಿಗೆ, ಏನು ಕೊಟ್ಟರು ಎಂಬುದಷ್ಟೇ ಇರಲಿಲ್ಲ. ಹಲವು ದಿನ ಆ ಮಬ್ಬನ್ನು ಹಿಗ್ಗಿಸಿ, ಕುಗ್ಗಿಸಿ, ಕಪ್ಪುಬಿಳಿ ಮಾಡಿ ನೋಡಿದೆ. ಒಂದು ಕಡೆ 'ರ' ಇದ್ದಂತೆ ಕಂಡಿತು. ರಂಗಪ್ಪನಿಗೆ ಅದನ್ನೇ ಹೇಳಿ ಖುಷಿಪಡಿಸಿಬಿಡಲೇ ಎಂಬ ಆಸೆಯೂ ಹುಟ್ಟಿತು. ಆದರೆ ಅದು ಹುಲ್ಲಿನ ನೆರಳೂ ಆಗಿರಬಹುದಿತ್ತು.

ಕೊನೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ, ಶಾಪದ ಸಾಲನ್ನೂ ಸೇರಿಸಿ, ಹೇಳಿದೆ. ಹೆಸರು ಹೋಯಿತು, ಇನ್ನು ನನ್ನಿಂದ ಸಿಗುವುದಿಲ್ಲ ಎಂದೆ. ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಆ ಪಾಪ ಯಾರಿಗೆ ಮೇಷ್ಟ್ರೇ?" ಎಂದ ರಂಗಪ್ಪ. "ಮುಚ್ಚಿದೋರ್ಗಾ, ಮಬ್ಬು ಮಾಡಿದೋರ್ಗಾ?"

"ಇಬ್ಬರಿಗೂ ಇರಬೇಕು."

"ಹಂಗಾದ್ರೆ ಐನೂರೈನೂರು ಹಸ" ಎಂದ. ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. "ಯೋಚ್ನೆ ಮಾಡ್ಬೇಡಿ. ಕಂಟ್ರಾಕ್ಟರ್ ಕೆಲಸ ನಾನು ನೋಡಿಲ್ವಾ, ಒಂದ್ ಮೂಲೇಲಿ ಈಗ್ಲೇ ಟೈಲ್ಸ್ ಅಲ್ಲಾಡ್ತೈತೆ. ಎಲ್ಲಾ ಕಿತ್ತೋದ್ ದಿನ ಹೇಳಿ ಕಳಿಸ್ತೀನಿ. ನಾನಿಲ್ದಿದ್ರೆ ನನ್ ಮಗ ಕಳಿಸ್ತಾನೆ. ಬರುವಾಗ ಒಂದ್ ಬಿಳೀ ಹಾಳೆ, ಒಂದ್ ಪೆನ್ಸಿಲ್ ತಗಂಬನ್ನಿ, ಸಾಕು."