ಚೆಂಡೆ ನಿಲ್ಲಿಸಿ ಯುದ್ಧ ನೋಡಿದ್ದು

ಇಂಗ್ಲಿಷ್ ತರಗತಿಯಿಂದ ನಿನಗೇನು ಪ್ರಯೋಜನವಾಯಿತು ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪವೂ ನಾಚದೆ ಕೊಡುವ ಉತ್ತರ ಒಂದೇ: ಅಕ್ಕನ ಮದುವೆಯಾಯಿತು. ಕೇಳಿದವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಇಂಗ್ಲಿಷಿನಲ್ಲಿ ಎರಡು ವಾಕ್ಯ ಆಡುವಷ್ಟರಲ್ಲಿ ಇಂದಿಗೂ ಬೆವರುತ್ತೇನೆ. ಮೂರನೆಯದು ಎಲ್ಲಾದರೂ ಸಿಗುತ್ತದೋ ಎಂದು ಕಿಟಕಿಯ ಕಡೆ ನೋಡುತ್ತೇನೆ. ಆದರೆ ಒಂದು ಮದುವೆ ಉಳಿಸುವಷ್ಟು ಕಲಿತಿದ್ದೇನಲ್ಲ, ಸಾಲದೇ?

ಅಳದಂಗಡಿಯಿಂದ ಮೂಡಬಿದಿರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ಆ ವರ್ಷ ಇಂಗ್ಲಿಷಿನಲ್ಲಿ ನಮಗೆ ಯುದ್ಧ ಮತ್ತು ಮಾಧ್ಯಮಗಳ ಬಗ್ಗೆ ಪಾಠಗಳಿದ್ದವು. ಬೆಳಗಿನ ಬಸ್ಸಿನಲ್ಲಿ ಸೀಟಿಗಾಗಿ ನಡೆಯುವುದನ್ನು ಬಿಟ್ಟರೆ ಬೇರೆ ಯುದ್ಧ ನಾವು ಕಂಡವರಲ್ಲ. ಮೇಡಂ ಒಂದು ವಿಚಿತ್ರ ಮನೆಕೆಲಸ ಕೊಟ್ಟರು: ಟಿ.ವಿ.ಯಲ್ಲಿ ಯುದ್ಧದ ಸುದ್ದಿ ಹಾಕಿ, ಸದ್ದು ಪೂರ್ತಿ ನಿಲ್ಲಿಸಿ, ಕಣ್ಣಿಗೆ ಕಂಡದ್ದನ್ನು ಮಾತ್ರ ತರಗತಿಯಲ್ಲಿ ಬಂದು ಹೇಳಬೇಕು. ಪರೀಕ್ಷೆಗೆ ಬಾರದ ಇಂಥ ಕೆಲಸ ಯಾಕೆ ಎಂದು ಹಿಂದಿನ ಬೆಂಚಿನವರು ಗೊಣಗಿದರು. ನಾನೂ ಗೊಣಗಿದೆ; ನಾನು ಹಿಂದಿನ ಬೆಂಚಿನವಳೇ.

ಪಾಠ ಪುಸ್ತಕದಲ್ಲಿದ್ದರೆ ಯುದ್ಧ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ಅಕ್ಕನಿಗೆ ಮುಂಡಾಜೆಯ ಸುಕೇಶನೊಡನೆ ನಿಶ್ಚಿತಾರ್ಥವಾಗಿತ್ತು. ಸುಕೇಶ ಗಲ್ಫಿನ ಒಂದು ಹೋಟೆಲಿನಲ್ಲಿ ಮೇಲ್ವಿಚಾರಕ. ಬಂಟ್ವಾಳದಲ್ಲಿ ಹಾಲ್ ಕೂಡ ಗೊತ್ತುಮಾಡಿ ಆಗಿತ್ತು. ಅಷ್ಟರಲ್ಲಿ ಆ ಕಡೆ ಯುದ್ಧ ಶುರುವಾಯಿತು, ಈ ಕಡೆ ನಮ್ಮ ಮಾವ ಟಿ.ವಿ. ಮುಂದೆ ಕೂತರು. ಮಾವ ಎಂದರೆ ಅಮ್ಮನ ಅಣ್ಣ. ನಮ್ಮ ಮನೆತನಗಳಲ್ಲಿ ಅಪ್ಪನ ಮಾತಿಗಿಂತ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಪ್ಪನಿಗೂ ಇದರಿಂದ ಬಹಳ ಆರಾಮ. ಎರಡು ಹೊತ್ತು ಸುದ್ದಿ ನೋಡುವಷ್ಟರಲ್ಲಿ ಮಾವ ಸೇನಾಧಿಪತಿಯೇ ಆಗಿಬಿಟ್ಟರು. ಕ್ಷಿಪಣಿಗಳ ಹೆಸರು ಅವರಿಗೆ ನೆಂಟರ ಹೆಸರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

"ಇದು ಆಗುವ ಕೆಲಸ ಅಲ್ಲ. ಹುಡುಗಿಯನ್ನು ಬೆಂಕಿಗೆ ಹಾಕ್ಲಿಕ್ಕೆ ಆಗ್ತದಾ? ಆದಿತ್ಯವಾರ ಮುಂಡಾಜೆಗೆ ಹೋಗಿ ಸಂಬಂಧ ಬೇಡ ಅಂತ ಹೇಳಿ ಬರುವ" ಎಂದರು.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಕ್ಕ ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ ತೆಂಗಿನಕಾಯಿ ತುರಿಯತೊಡಗಿದಳು. ಅವಳಿಗೆ ಸುಕೇಶ ಎಂದರೆ ಇಷ್ಟ. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವಳಲ್ಲ ಅವಳು. ಆ ದಿನ ನಮ್ಮ ಮನೆಯ ಚಟ್ನಿ ಮುಗಿಯಲೇ ಇಲ್ಲ. ಸುಕೇಶ ಫೋನು ಮಾಡಿದರೆ ಟಿ.ವಿ.ಯ ಆರ್ಭಟದಲ್ಲಿ ಅವನ ಮಾತು ನಮಗೆ ಕೇಳುತ್ತಿರಲಿಲ್ಲ, ನಮ್ಮದು ಅವನಿಗೆ ಕೇಳುತ್ತಿರಲಿಲ್ಲ. ಒಮ್ಮೆ ಅವನೇ ಗಾಬರಿಯಿಂದ, "ಅಲ್ಲಿ ಎಂತ ಶಬ್ದ ಅದು? ನಿಮ್ಮಲ್ಲಿ ಎಲ್ಲ ಸರಿ ಉಂಟಲ್ಲ?" ಎಂದು ಕೇಳಿದ.

ಇಲ್ಲಿ ಸ್ವಲ್ಪ ಪಾಂಡಿತ್ಯ ತೋರಿಸಲು ಅಪ್ಪಣೆ ಕೊಡಿ. ಹಿಂದಿನ ಕಾಲದಲ್ಲಿ ಡಂಗುರ ಸಾರುವವನು ಮೊದಲು ವಾದ್ಯ ಬಾರಿಸುತ್ತಿದ್ದನಂತೆ. ಜನ ಸೇರಿದ ಮೇಲೆ ಬಾರಿಸುವುದನ್ನು ನಿಲ್ಲಿಸಿ ವಿಷಯ ಹೇಳುತ್ತಿದ್ದ. ಈ ನಿಲ್ಲಿಸುವುದು ಇದೆಯಲ್ಲ, ಅದರಲ್ಲೇ ಇಡೀ ಕಸುಬು ಇದ್ದದ್ದು. ನಮ್ಮ ಸುದ್ದಿವಾಚಕರು ಮೊದಲರ್ಧವನ್ನು ಮಾತ್ರ ಕಲಿತಿದ್ದಾರೆ. ಬಾರಿಸುತ್ತಲೇ ಇರುತ್ತಾರೆ, ಜನ ಸೇರುತ್ತಲೇ ಇರುತ್ತಾರೆ, ವಿಷಯ ಮಾತ್ರ ಜಾಹೀರಾತಿನ ನಂತರ.

ಮಾವನನ್ನು ಎದುರಿಸಿ ಮಾತಾಡುವ ಧೈರ್ಯ ನನಗಿರಲಿಲ್ಲ. ಆದರೆ ಅವರ ಎರಡು ದೌರ್ಬಲ್ಯಗಳು ಗೊತ್ತಿದ್ದವು: ಒಂದು ನನ್ನ ಓದು, ಇನ್ನೊಂದು ಯಕ್ಷಗಾನ. ಶನಿವಾರ ಸಂಜೆ ರಿಮೋಟ್ ಹಿಡಿದು ಮೆಲ್ಲಗೆ ಪಕ್ಕದಲ್ಲಿ ಕೂತೆ.

"ಮಾವ, ಕಾಲೇಜಿನ ಕೆಲಸ ಉಂಟು. ಈ ಟಿ.ವಿ.ಯ ಚೆಂಡೆ ನಿಲ್ಲಿಸಿ ಒಮ್ಮೆ ಇದನ್ನು ನೋಡುವ."

"ಕಾಲೇಜಿನದ್ದಾ? ಹಾಗಾದ್ರೆ ಮಾಡು."

ಸದ್ದು ನಿಲ್ಲಿಸಿದೆ. ಮನೆಯಲ್ಲಿ ಫ್ಯಾನಿನ ಶಬ್ದ ಎಷ್ಟೋ ದಿನಗಳ ಮೇಲೆ ಕೇಳಿಸಿತು. ಪರದೆಯ ಮೇಲೆ ಸುದ್ದಿವಾಚಕ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ. ಒಂದು ಎತ್ತರದ ಕಟ್ಟಡ, ಅದರ ಹಿಂದೆ ಹೊಗೆ. ಮತ್ತೆ ಸುದ್ದಿವಾಚಕ. ಮತ್ತೆ ಅದೇ ಕಟ್ಟಡ, ಈ ಸಲ ಹತ್ತಿರದಿಂದ. ಆಮೇಲೆ ಅದನ್ನೇ ಕೆಂಪು ಚೌಕಟ್ಟಿನೊಳಗೆ ಹಾಕಿ ತೋರಿಸಿದರು. ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಮೊನ್ನೆಯ ಹೊಗೆಯೇ ಅಲ್ವಾ?" ಎಂದರು. ಪರದೆಯತ್ತ ಬಾಗಿ, "ಎಂತ ಮಾರಾಯ್ತಿ ಇದು! ರಾಕ್ಷಸ ತೆರೆಯ ಹಿಂದೆಯೇ ಕುಣೀತಾ ಇದ್ದಾನೆ, ರಂಗಕ್ಕೆ ಬರುವುದೇ ಇಲ್ಲ" ಎಂದರು.

ನಾನು ಒಳಗೊಳಗೇ ಗೆದ್ದೆ ಎಂದುಕೊಂಡೆ. ಆಗ ಅಮ್ಮ ಇದ್ದಕ್ಕಿದ್ದಂತೆ, "ಅಯ್ಯೋ, ಆ ಹೆಂಗಸನ್ನು ನೋಡಿ" ಎಂದರು. ಯಾವುದೋ ಊರಿನ ಒಡೆದ ಬೀದಿ. ಅರ್ಧ ಗೋಡೆ ಬಿದ್ದ ಮನೆಯ ಮಾಳಿಗೆಯಲ್ಲಿ ಒಬ್ಬಳು ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಒಂದು ಚಿಕ್ಕ ಅಂಗಿಯನ್ನು ಕೊಡವಿ ಮಡಚಿ ಹೆಗಲ ಮೇಲೆ ಹಾಕಿಕೊಂಡಳು. ಅಷ್ಟೇ. ಅವಳನ್ನೂ ಆ ದಿನಗಳಲ್ಲಿ ಎಷ್ಟು ಸಲ ತೋರಿಸಿದ್ದರೋ, ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನನ್ನ ಗೆಲುವಿನ ಹುರುಪು ಅಲ್ಲಿಗೆ ಇಳಿಯಿತು. ಯುದ್ಧವೇ ಸುಳ್ಳು ಎಂದು ಮಾವನಿಗೆ ತೋರಿಸಲು ಹೊರಟವಳು ನಾನು. ಅದು ಸುಳ್ಳಲ್ಲ, ಕೂಗಾಟದ ಹಿಂದೆ ಮರೆಯಾಗಿ ನಿಂತಿದೆ ಎಂದು ನನಗೇ ಗೊತ್ತಾಯಿತು.

ಮಾವ ಯಾರನ್ನೂ ಕೇಳದೆ ಸುಕೇಶನಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ಮೊದಲ ಬಾರಿಗೆ ಅವನ ಧ್ವನಿ ಮನೆಯಿಡೀ ಸ್ಪಷ್ಟವಾಗಿ ಕೇಳಿತು.

"ಹೆದರಿಕೆ ಇಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ ಮಾವ. ಒಂದು ದಿನ ದೊಡ್ಡ ಶಬ್ದ ಕೇಳಿತ್ತು, ಹೋಟೆಲ್ ಮುಚ್ಚಿದ್ರು. ಈಗ ತೆರೆದಿದ್ದಾರೆ, ಕೆಲಸಕ್ಕೆ ಹೋಗ್ತಾ ಇದ್ದೇನೆ. ಮದುವೆಗೆ ಬರ್ತೇನೆ. ಎಲ್ಲ ಸರಿಯಾಗುವವರೆಗೆ ಅವಳನ್ನು ಇಲ್ಲಿಗೆ ಕರ್ಕೊಂಡು ಬರುವುದಿಲ್ಲ, ಅದು ನನ್ನ ಮಾತು."

ಮಾವ ಅಕ್ಕ ನಿಂತಿದ್ದ ಅಡುಗೆಮನೆಯ ಬಾಗಿಲಿನತ್ತ ತಿರುಗಿದರು. "ನೀನೆಂತ ಹೇಳ್ತಿ ಮಗಾ?" ಇಷ್ಟು ದಿನ ಯಾರೂ ಅವಳನ್ನು ಕೇಳಿರಲೇ ಇಲ್ಲ.

"ಅವರು ಸುಳ್ಳು ಹೇಳ್ಲಿಲ್ಲ ಮಾವ. ನನಗೆ ಅಷ್ಟು ಸಾಕು. ನಾನು ಅವರನ್ನೇ ಮದುವೆ ಆಗ್ತೇನೆ" ಎಂದಳು ಅಕ್ಕ. ಕೈಯಲ್ಲಿ ಇನ್ನೂ ಅರ್ಧ ತೆಂಗಿನಕಾಯಿ ಇತ್ತು.

ಸೋಮವಾರ ತರಗತಿಯಲ್ಲಿ ಉಳಿದವರೆಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ ಟ್ಯಾಂಕು, ವಿಮಾನ, ಭೂಪಟಗಳ ಬಗ್ಗೆ ಹೇಳಿದರು. ನನ್ನ ಸರದಿ ಬಂದಾಗ ನನ್ನ ಬಳಿ ಇದ್ದದ್ದು ಆ ಹೆಂಗಸು, ಆ ಹಗ್ಗ, ಆ ಚಿಕ್ಕ ಅಂಗಿ ಮಾತ್ರ. ಪುಟ್ಟ ಪುಟ್ಟ ವಾಕ್ಯಗಳಲ್ಲಿ ಹೇಳಿದೆ. ಕಿಟಕಿಯ ಕಡೆ ನೋಡಬೇಕಾಗಲಿಲ್ಲ. ಮೊದಲು ಮೇಡಂ ಚಪ್ಪಾಳೆ ತಟ್ಟಿದರು, ಆಮೇಲೆ ಹಿಂದಿನ ಬೆಂಚಿನವರು ಮೇಜು ಗುದ್ದಿದರು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ? ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಆ ಸಂಜೆ ಮನೆಯವರೆಗೆ ನಗುತ್ತಲೇ ನಿಂತಿದ್ದೆ.

ಸುಕೇಶ ಹೇಳಿದ ಹಾಗೆ ಬಂದ. ಬಂಟ್ವಾಳದ ಹಾಲಿನಲ್ಲಿ ಧಾರೆಯ ಮುಹೂರ್ತಕ್ಕೆ ಜನ ತುಂಬಿದ್ದರು. ವಾಲಗದವರು ಯಾಕೋ ಮೆಲ್ಲಗೆ ಊದುತ್ತಿದ್ದರು. ಈ ಮದುವೆ ಬೇಡವೆಂದಿದ್ದ ನಮ್ಮ ಮಾವ ಮುಂದಿನ ಸಾಲಿನಿಂದ ಎದ್ದು, ಹೆಗಲ ಶಾಲು ಬೀಸಿ, ಇಡೀ ಹಾಲಿಗೆ ಕೇಳುವಂತೆ ಕೂಗಿದರು:

"ಜೋರಾಗಿ ಬಾರಿಸಿ ಮಾರಾಯ್ರೆ! ಇವತ್ತು ನಿಜವಾಗಿ ಸುದ್ದಿ ಉಂಟು!"