ರಿಕಾ ಬೌಮಾಳ ರಕ್ತದ ನಂಬರು

ಭಾನುವಾರ ಬಟ್ಟೆ ಒಣಹಾಕಿದರೂ ಪಾಪ, ತಟ್ಟೆಯಲ್ಲಿ ಒಂದು ತುಣುಕು ಬಿಟ್ಟರೂ ಪಾಪ ಎನ್ನುವ, ಅಮೆರಿಕದ ಮಿಶಿಗನ್ನಿನಲ್ಲಿ ನೆಲೆಸಿದ ಡಚ್ ರೈತರ ನಡುವೆ ಹುಟ್ಟಿ ಬೆಳೆದವಳು ರಿಕಾ ಬೌಮಾ. ಜಂಬವೂ ಅಲ್ಲಿ ಪಾಪವೇ. ಆದರೂ ಒಂದು ವಿಷಯದಲ್ಲಿ ಆಕೆ ಮನಸಾರೆ ಜಂಬ ಪಡುತ್ತಿದ್ದಳು. ಅದು ತನ್ನ ರಕ್ತದ ವಿಷಯ.

ಎಪ್ಪತ್ಮೂರನೇ ಇಸವಿಯಲ್ಲಿ ಮಿಶಿಗನ್ನಿನ ಯಾವುದೋ ಗೋದಾಮಿನಲ್ಲಿ ಯಾರೋ ಮೂಟೆ ತಪ್ಪಿ ಎತ್ತಿದರು. ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಿರಲೆಂದು ಬೆರೆಸುವ ಪುಡಿಯನ್ನು ದನದ ಪುಷ್ಟಿಪುಡಿ ಎಂದುಕೊಂಡು ಮೇವಿಗೆ ಸುರಿದರು. ಆ ಮೇವು ತಿಂದು ರಿಕಾ ಮತ್ತು ಅವಳ ಗಂಡ ಗೆರಿಟ್ ಸಾಕಿದ ಅರವತ್ತೆರಡು ಹಸುಗಳ ಗೊರಸು ಸೊಟ್ಟಗೆ ಬೆಳೆದವು, ಕೂದಲು ಉದುರಿತು, ಕೆಚ್ಚಲು ಬತ್ತಿತು. ಕೊನೆಗೆ ಸರ್ಕಾರದವರು ಬಂದು ಎಲ್ಲಕ್ಕೂ ಗುಂಡು ಹೊಡೆದು ಹೂತರು. ಅಷ್ಟರಲ್ಲಿ ಗಂಡ ಹೆಂಡತಿ ತಿಂಗಳುಗಟ್ಟಲೆ ಅದೇ ಹಾಲು ಕುಡಿದು, ಅದೇ ಬೆಣ್ಣೆ ತಿಂದಾಗಿತ್ತು. ಕೊಟ್ಟಿಗೆ ತುಂಬ ಹಸು ಕಟ್ಟಿಕೊಂಡು ಅಂಗಡಿ ಹಾಲು ಕುಡಿಯುವ ರೈತ ಲೋಕದಲ್ಲಿ ಎಲ್ಲಿದ್ದಾನೆ?

ಅಲ್ಲಿಂದ ಮುಂದೆ, ಆ ಪುಡಿ ಮೈಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲು, ಕೆಲವು ವರ್ಷಕ್ಕೊಮ್ಮೆ ರಕ್ತಪರೀಕ್ಷೆ. ಗೆರಿಟನ ನಂಬರು ಹದಿನಾಲ್ಕರಲ್ಲಿ ಗೂಟ ಹೊಡೆದುಕೊಂಡು ಕೂತಿತು. ರಿಕಾಳದು ಮೊದಲ ಸಲ ಹದಿಮೂರಿದ್ದದ್ದು ನಾಲ್ಕು ವರ್ಷದಲ್ಲಿ ನಾಲ್ಕಕ್ಕೆ ಇಳಿಯಿತು.

"ನಿನ್ನ ಮೈ ಶುದ್ಧ ಸೋಮಾರಿ, ಗೆರಿಟ್. ನಂದು ನೋಡು, ಕಸ ಎಲ್ಲ ಗುಡಿಸಿ ಆಚೆ ಹಾಕಿದೆ."

"ಗುಡಿಸೋದ್ರಲ್ಲಿ ನಿನ್ನ ಮೀರಿಸೋರುಂಟಾ? ಪಾದ್ರಿ ಕೂತಿದ್ರೂ ಕುರ್ಚಿ ಸಮೇತ ಸರಿಸಿ ಗುಡಿಸೋಳು ನೀನು," ಎನ್ನುತ್ತಿದ್ದ ಅವನು. ತೊಂಬತ್ತೆಂಟರಲ್ಲಿ ಅವನು ಸತ್ತಾಗ ನಂಬರು ಇನ್ನೂ ಹನ್ನೆರಡಿತ್ತು. ಅವನು ಮಣ್ಣಾದ, ಅವನೊಳಗಿನ ಪುಡಿ ಮಣ್ಣಾಗಲಿಲ್ಲ.

ಮಗಳು ವಿಲ್ಮಾ ಹುಟ್ಟಿದ್ದು ಹಸುಗಳನ್ನು ಹೂತು ವರ್ಷ ಕಳೆದ ಮೇಲೆ. ಆ ಕಾಲದಲ್ಲಿ ಊರಿನ ತಾಯಂದಿರೆಲ್ಲ ಹಾಲಿನ ಬಾಟಲಿ ಹಿಡಿದಿದ್ದರು. ರಿಕಾ ಮಾತ್ರ ಒಪ್ಪಲಿಲ್ಲ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದಂತೆ. ಹಸುವಿನ ಹಾಲು, ಹಾಲಿನ ಪುಡಿ ಯಾವುದನ್ನೂ ಆಕೆ ಮಗುವಿನ ಹತ್ತಿರ ಸುಳಿಯಗೊಡಲಿಲ್ಲ.

"ಓಡಾಡೋ ಮಗೂಗೆ ಇನ್ನೂ ಹಾಲೂಡಿಸ್ತೀಯಲ್ಲೇ. ನಾಳೆ ಸ್ಕೂಲ್ ಬಸ್ಸಿಗೆ ನೀನೂ ಹತ್ತಿಬಿಡು," ಎಂದು ಅತ್ತೆ ಚುಚ್ಚಿದಳು.

"ಹಸೂನ ನಂಬಿ ಕೆಟ್ಟಿದ್ದಾಯ್ತಲ್ಲ ಅತ್ತೆ. ನನ್ನ ಮಗಳಿಗೆ ನನ್ನ ಹಾಲು."

ಹೀಗೆ ಎರಡು ವರ್ಷ ಎರಡು ತಿಂಗಳು ಕುಡಿಸಿದಳು.

ವಿಲ್ಮಾಳಿಗೆ ಮೂವತ್ತೇಳಾಯಿತು. ನಾಲ್ಕು ಬಸಿರು ಕಳೆದುಕೊಂಡಿದ್ದಳು, ಐದನೆಯದಕ್ಕೆ ಆರು ತಿಂಗಳು ತುಂಬಿತ್ತು. ಆ ವರ್ಷ ವಿಶ್ವವಿದ್ಯಾಲಯದವರು ಚರ್ಚಿನ ನೆಲಮಾಳಿಗೆಯಲ್ಲಿ ರಕ್ತ ತೆಗೆದುಕೊಳ್ಳಲು ಬಂದಾಗ, ಬಸಿರು ಯಾಕೆ ನಿಲ್ಲುತ್ತಿಲ್ಲವೋ ತಿಳಿದೀತು ಎಂದು ಅವಳೂ ತಾಯಿಯ ಪಕ್ಕ ತೋಳು ಚಾಚಿದಳು. ಕೆಲವು ವಾರ ಬಿಟ್ಟು ಅವರ ಪೈಕಿ ಕೊರಿನ್ ಎಂಬ ಹುಡುಗಿ ಲಕೋಟೆಗಳನ್ನು ಹಿಡಿದು ಅಲ್ಲಿಗೇ ಬಂದಳು. ರಿಕಾಳದು ಎರಡು. ವಿಲ್ಮಾಳದು ಏಳು.

"ಲಕೋಟೆ ಅದಲುಬದಲಾಗಿದೆ ನೋಡಮ್ಮ," ಎಂದಳು ರಿಕಾ. "ಇವಳು ಹುಟ್ಟೋ ಹೊತ್ತಿಗೆ ಹಸುಗಳೆಲ್ಲ ಮಣ್ಣಲ್ಲಿದ್ವು."

ಕೊರಿನ್ ಇನ್ನೊಮ್ಮೆ ನೋಡಿದಳು. "ಸರಿಯಾಗೇ ಇದೆ, ಮಿಸೆಸ್ ಬೌಮಾ. ಮೈಗೆ ಸೇರಿದ್ದನ್ನ ಲಿವರ್ ಕಡಿದು, ನೀರಲ್ಲಿ ಕರಗೋ ಹಾಗೆ ಮಾಡಿ, ಉಚ್ಚೇಲಿ ಕಳಿಸುತ್ತೆ. ಈಗ ಸೋಫಾಗೆ ಬೆಂಕಿ ಹತ್ತದ ಹಾಗೆ ಹಾಕೋ ಪುಡಿಗಳಲ್ಲಿ ಕೆಲವು ಒಂದೆರಡು ದಿನಕ್ಕೇ ಆಚೆ ಹೋಗ್ತವೆ. ನಿಮ್ಮದು ಹಳೇ ಜಾತಿ. ಮೈಸುತ್ತ ಬ್ರೋಮಿನ್ ಬೇಲಿ ಹಾಕ್ಕೊಂಡಿರುತ್ತೆ, ಲಿವರಿಗೆ ಬಾಯಿ ಹಾಕೋಕೆ ಜಾಗಾನೇ ಸಿಗಲ್ಲ. ಹೋಗಿ ಕೊಬ್ಬಲ್ಲಿ ಕೂತ್ಕೊಳುತ್ತೆ."

"ಹಂಗಾದ್ರೆ ನಂದು ಹೆಂಗೆ ಇಳೀತು?"

ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. "ಮಗೂಗೆ ಎದೆಹಾಲು ಕೊಟ್ಟಿದ್ರಾ?"

"ಎರಡು ವರ್ಷ ಎರಡು ತಿಂಗಳು," ಎಂದಳು ರಿಕಾ, ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಅದೇ ಜಂಬದಲ್ಲಿ. ಮಾತು ಬಾಯಿಂದ ಬಿದ್ದ ಮೇಲೆ ಅರ್ಥವಾಯಿತು.

"ಕೊಬ್ಬಿನ ಜೊತೆ ಅದೂ ಹಾಲಿಗೆ ಬರುತ್ತೆ. ಗಂಡಸರಿಗೆ ಆ ದಾರೀನೂ ಇಲ್ಲ," ಎಂದಳು ಕೊರಿನ್. "ನಿಮ್ಮ ತಪ್ಪಲ್ಲ. ಆಗ ನಿಮಗೆ ಹೇಳೋರು ಯಾರಿದ್ರು?"

ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದವು ಬದುಕಿಯಾವೇ ಎಂದು ನಮ್ಮ ಕಡೆ ಗಾದೆ. ಅದನ್ನು ಕಟ್ಟಿದವರ ಕಾಲದಲ್ಲಿ ಹಾಲು ಬೇರೆ, ವಿಷ ಬೇರೆ ಇತ್ತು. ಪುಣ್ಯವಂತರು. ರಿಕಾಳ ಮೈ ಕಸ ಗುಡಿಸಿದ್ದು ನಿಜ, ಗುಡಿಸಿ ಮಗಳ ಬಾಯಿಗೆ ಹಾಕಿತ್ತು.

ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ ವಿಲ್ಮಾ ಕೇಳಿದಳು, "ಆ ನಾಲ್ಕೂ ಇದರಿಂದಲೇ ಹೋದ್ವಾ?"

"ಹೊರಡೋವಾಗ ಕೇಳಿದ್ದಕ್ಕೆ, ಖಚಿತವಾಗಿ ಹೇಳೋಕಾಗಲ್ಲ ಅಂದ್ಲಲ್ಲ ಆ ಹುಡುಗಿ."

"ಅಲ್ಲ ಅಂತಾನೂ ಹೇಳ್ಲಿಲ್ಲ."

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಧಾರಾಳವಾಗಿ ಹಾಲು ಕೊಡಿ, ಅದರಲ್ಲಿರುವುದು ತೀರ ಕಡಿಮೆ, ಕೆಡುಕಿಗಿಂತ ಒಳ್ಳೆಯದೇ ಹೆಚ್ಚು ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದರು. ಮನೆಗೆ ಬಂದ ಮರುದಿನ ವಿಲ್ಮಾಳ ಎದೆ ಕಲ್ಲಿನಂತೆ ಬಿಗಿಯಿತು. ಅಳಿಯ ಅಡುಗೆಮನೆಯಲ್ಲಿ ಡಬ್ಬಿಯ ಹಾಲಿನ ಪುಡಿ ಕಲಸುತ್ತಿದ್ದ. ಮಗು ಅಳುತ್ತಿತ್ತು, ಅಳು ಕೇಳಿದ ಹಾಗೆಲ್ಲ ವಿಲ್ಮಾಳ ಅಂಗಿ ಒದ್ದೆಯಾಗುತ್ತಿತ್ತು.

"ಡಾಕ್ಟ್ರೇ ಕೊಡಬಹುದು ಅಂದ್ರಲ್ಲ," ಎಂದಳು ರಿಕಾ.

"ಅವರು ಅಂದ್ರು. ನೀನು ಹೇಳು. ಕೊಡ್ಲಾ?"

ಎಪ್ಪತ್ತು ದಾಟಿದ ಆ ಹೆಂಗಸು ಒಣಗಿದ ಅಂಗಿಯೊಂದನ್ನು ತಂದು ಮಗಳ ಮಡಿಲಲ್ಲಿ ಇಟ್ಟಳು.

"ಮೊದಲೆಲ್ಲ ಹಾಲು ಬತ್ತಿಸೋಕೆ ಎದೆ ಕಟ್ತಿದ್ರಂತಲ್ಲ," ಎಂದಳು ವಿಲ್ಮಾ. "ಕಟ್ಟು."

ರಿಕಾ ಹಾಸಿಗೆಯ ದುಪ್ಪಟಿ ಹರಿದು ಪಟ್ಟಿ ಮಾಡಿದಳು. ಒಂದು ಸುತ್ತು ಸುತ್ತಿ ಕೈ ನಿಲ್ಲಿಸಿದಳು. "ಕುಡಿಸಿದ್ರೆ ನಿನ್ನ ಮೈಯಿಂದಾದ್ರೂ ಹೋಗ್ತಿತ್ತು, ವಿಲ್ಮಾ."

"ನನ್ನಲ್ಲೇ ಇರ್ಲಿ ಅಮ್ಮ. ಇನ್ಯಾರಿಗೂ ದಾಟಿಸಲ್ಲ ನಾನು."

ಮಗಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ರಿಕಾ ತಡೆದುಕೊಳ್ಳುತ್ತಿದ್ದಳು.

"ಇನ್ನೂ ಬಿಗಿ," ಎಂದಳು ವಿಲ್ಮಾ. ರಿಕಾ ಅವಳ ಬೆನ್ನ ಹಿಂದೆ ನಿಂತು, ಮುಖ ಕಾಣಿಸದ ಹಾಗೆ ತಲೆ ತಗ್ಗಿಸಿ, ಪಟ್ಟಿಯನ್ನು ಎಳೆದು ಗಂಟು ಹಾಕಿದಳು.