ಸ್ಲ್ಯಾಬಿನ ದಿನದ ನೀರು

ಸ್ಲ್ಯಾಬ್ ಹಾಕುವ ದಿನ ನಮ್ಮ ಕೈ ನಮ್ಮದಲ್ಲ. ಮೊಣಕೈವರೆಗೆ ಸಿಮೆಂಟು ಮೆತ್ತಿರುತ್ತದೆ. ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು, ನಡುವೆ ನಿಂತರೆ ಮಳೆಗಾಲದಲ್ಲಿ ಸೂರು ಸೋರುತ್ತದೆ. ಹಾಗಾಗಿ ಬಾಯಾರಿದಾಗ ಸಾಲಿನಲ್ಲಿ ನಿಂತಲ್ಲೇ ತಲೆ ಎತ್ತಿ ಬಾಯಿ ತೆರೆಯುತ್ತೇವೆ. ಕೈ ಚೊಕ್ಕಟವಿರುವ ಒಬ್ಬಳು ಚೊಂಬಿನಿಂದ ನೀರು ಹೊಯ್ಯುತ್ತಾಳೆ.

ಗೋವಾದ ಪರ್ವರಿಯಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನ ಗೆಳತಿಯದು. ಇಬ್ಬರೂ ವಿಜಯಪುರದ ಕಡೆಯವರು, ಒಂದೇ ಬಸ್ಸಿನಲ್ಲಿ ಇಲ್ಲಿಗೆ ಬಂದವರು. ಅವಳು ಮುಸ್ಲಿಂ, ನಾನು ಹಿಂದೂ. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದ ಮೇಲೆ ಅವಳು ಬುಟ್ಟಿ ಎತ್ತಲಾರಳು. ನೀರು ಕೊಡುವುದೇ ಅವಳ ಅನ್ನ.

ಚುನಾವಣೆ ಹತ್ತಿರ ಬಂದಾಗ ನಮ್ಮ ಓಣಿಗೆ ಒಬ್ಬ ನಾಯಕರು ಬಂದರು. ನಮ್ಮದೇ ಕನ್ನಡ ಮಾತಾಡಿದರು. ಊರು ಬಿಟ್ಟವರಿಗೆ ಮೈಕಿನಲ್ಲಿ ತಮ್ಮ ಮಾತು ಕೇಳಿದರೆ ಎದೆ ಉಬ್ಬುತ್ತದೆ. ಅವರು ಯಾರನ್ನೂ ಹೊಡೆಯಿರಿ ಎನ್ನಲಿಲ್ಲ. "ಅವರ ಕೈಯಾಗಿಂದ ಏನೂ ತಗೋಬ್ಯಾಡ್ರಿ. ಏನ ಬೆರಸ್ಯಾರೋ ಯಾರಿಗ್ಗೊತ್ತು" ಎಂದು ನಗುತ್ತ ಅಂದರು, ಅಷ್ಟೆ. ಯಾರ ಬಗ್ಗೆ ಅಂತ ಎಲ್ಲರಿಗೂ ಗೊತ್ತಿತ್ತು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ನಾಯಕರು ಕಾರು ಹತ್ತಿ ಹೋದರು. ಬೆಳಗಾಗುವಷ್ಟರಲ್ಲಿ ಗೆಳತಿಯ ಗಂಡನ ಹಣ್ಣಿನ ಗಾಡಿಯನ್ನು ಯಾರೋ ಕಲ್ಲು ಎತ್ತಿಹಾಕಿ ಮುರಿದಿದ್ದರು. ಯಾರೋ ಏನು, ನಮ್ಮವರೇ.

ಅವತ್ತೇ ಸ್ಲ್ಯಾಬು. ಅವಳು ಬಂದಳು. ಬಿಸಿಲೇರಿದ ಮೇಲೆ ಚೊಂಬು ಹಿಡಿದು ಸಾಲಿನ ಆ ತುದಿಯಿಂದ ಹೊರಟಳು. ಒಬ್ಬೊಬ್ಬರೂ ತುಟಿ ಬಿಗಿದುಕೊಂಡು ಬುಟ್ಟಿ ದಾಟಿಸಿದರು. ಮೇಸ್ತ್ರಿ ನೋಡುತ್ತಿದ್ದ.

"ಯಾರೂ ಕುಡ್ಯಾಂಗಿಲ್ಲಂದ್ರ ನೀರ ಹಾಕಾಕಿ ಯಾಕ ಬೇಕವಾ? ನಾಳಿಂದ ಬರಬ್ಯಾಡ" ಅಂದ.

ನನ್ನ ಮೈ ಉರಿದುಹೋಯಿತು. ಮೇಸ್ತ್ರಿಯ ಮೇಲಲ್ಲ, ನನ್ನ ಮೇಲೆಯೇ.

"ಏ, ಇತ್ಲಾಗ ಬಾ! ನನಗ ಹಾಕು ನೀರ!" ಇಡೀ ಸಾಲಿಗೆ ಕೇಳುವಂತೆ ಕೂಗಿದೆ.

ಬಂದಳು. ತಲೆ ಎತ್ತಿದೆ. ಚೊಂಬು ಬಾಯಿಯ ಮೇಲೆ ಬಂದು ನಿಂತಿತು, ನೀರು ಬೀಳಲಿಲ್ಲ.

"ನಿನ್ನಿ ನೀನೂ ಚಪ್ಪಾಳಿ ಹೊಡದಿ ಅಂತ. ಖರೇನ?"

"ಖರೇ. ತಪ್ಪಾತು. ಇನ್ನ ಹೊಡ್ಯಾಂಗಿಲ್ಲ."

ಸುರಿದಳು ನೋಡಿ, ಬಾಯಿಗಿಂತ ಮೂಗಿಗೇ ಜಾಸ್ತಿ. ಬೇಕಂತಲೇ ಮಾಡಿದ್ದು. ಕೆಮ್ಮುತ್ತ ಕೆಮ್ಮುತ್ತ ಕುಡಿದೆ. ಆಮೇಲೆ ನನ್ನ ಪಕ್ಕದವಳು ಬಾಯಿ ತೆರೆದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಕುಡಿದಿದ್ದರು. ಆ ಇಬ್ಬರು ಈಗಲೂ ಮನೆಯಿಂದ ಬಾಟಲಿ ತರುತ್ತಾರೆ. ತರಲಿ. ಮೇಸ್ತ್ರಿ ಮತ್ತೆ ಆ ಮಾತೆತ್ತಲಿಲ್ಲ.

ಹೋದ ತಿಂಗಳು ಅದೇ ನಾಯಕರು ಮತ್ತೆ ಬಂದರು. ನಾನು ಬೇಕೆಂದೇ ಎಲ್ಲರಿಗಿಂತ ಮುಂದೆ ಕೂತೆ. ಅದೇ ನಗು, ಅದೇ ಮಾತು. ಚಪ್ಪಾಳೆ ಏಳುವ ಮೊದಲೇ ನಾನು ಎದ್ದು ನಿಂತೆ.

"ಸಾಹೇಬ್ರ, ನಾ ದಿನಾ ಅವರ ಕೈಯಾಗಿನ ನೀರ ಕುಡೀತೇನ್ರಿ. ಇನ್ನೂ ಸತ್ತಿಲ್ಲ."